ವಿದ್ಯಾಗಿರಿ ಸುಮ್ನೆ ದಾಟಿ ಹೋಗುವ ಜಾಗ ಅಲ್ಲ

ಬಾಗಲಕೋಟೆ ಅಂದ ಕೂಡಲೇ ಹೊರಗಿನವರು ಕೇಳುವುದು ಎರಡೇ. ಆಲಮಟ್ಟಿ ಹಿನ್ನೀರಿಗೆ ಹಳೇ ಊರು ಎಷ್ಟು ಮುಳುಗಿದೆ? ಮುಳುಗಡೆಯವರಿಗಾಗಿ ಕಟ್ಟಿದ ನವನಗರ ಹೇಗಿದೆ? ಎರಡರ ನಡುವೆ ಏರಿನ ಮೇಲಿರುವ ನಮ್ಮ ಬಡಾವಣೆ ವಿದ್ಯಾಗಿರಿಯ ಬಗ್ಗೆ ಯಾರೂ ಕೇಳುವುದಿಲ್ಲ. ಇದು ನನಗೆ ನಿಜಕ್ಕೂ ಬೇಜಾರು.

ಬೀಳೂರು ಗುರುಬಸವ ಸ್ವಾಮಿಗಳು 1906ರಲ್ಲಿ ಕಟ್ಟಿದ ವಿದ್ಯಾವರ್ಧಕ ಸಂಘ 1963ರಲ್ಲಿ ಇಲ್ಲಿನ ಎಂಜಿನಿಯರಿಂಗ್ ಕಾಲೇಜು ಶುರು ಮಾಡಿತು. ಮರುವರ್ಷವೇ ಆಲಮಟ್ಟಿ ಅಣೆಕಟ್ಟಿಗೆ ಅಡಿಗಲ್ಲು ಬಿತ್ತು. ನೋಡಿ, ಹಿನ್ನೀರು ಹಳೇ ಪೇಟೆಯ ಬಾಗಿಲಿಗೆ ಬರಲು ಇನ್ನೂ ಎಷ್ಟೋ ವರ್ಷ ಇತ್ತು, ಅಷ್ಟರಲ್ಲೇ ನಮ್ಮ ಮಕ್ಕಳು ಪುಸ್ತಕ ಹಿಡಿದು ಈ ಏರು ಹತ್ತುತ್ತಿದ್ದರು.

ನವನಗರಕ್ಕೆ ಚಾರ್ಲ್ಸ್ ಕೊರಿಯಾ ಅವರಂಥ ದೊಡ್ಡ ವಾಸ್ತುಶಿಲ್ಪಿ ನಕ್ಷೆ ಹಾಕಿದರು. ಅಲ್ಲಿ ಸೆಕ್ಟರ್ ಇವೆ, ಅಗಲ ರಸ್ತೆಗಳಿವೆ. ನಮ್ಮಲ್ಲಿ ಹಾಗಲ್ಲ, ಕ್ರಾಸ್‌ಗಳ ಲೆಕ್ಕ. ಜನ ಬಂದ ಹಾಗೆ ಬೆಳೆದ ಬಡಾವಣೆ ಇದು. ಅಪ್ಪ ಮುಳುಗಡೆ ಪರಿಹಾರದ ಹಣದಲ್ಲಿ ಇಲ್ಲಿ ಸೈಟ್ ಹಿಡಿದಾಗ, ಪಾಯ ತೆಗೆಯಲು ಹೋದರೆ ಎರಡಡಿಗೇ ಬಂಡೆ ಹತ್ತಿತಂತೆ. "ಯಜಮಾನ್ರ, ನಿಮ್ಮ ಪಾಯಾ ದೇವರೇ ಹಾಕ್ಯಾನ್ರಿ" ಅಂದರಂತೆ ಗೌಂಡಿ ಕಾಕಾ. ಆ ಮಾತನ್ನು ಅಪ್ಪ ಬಂದವರಿಗೆಲ್ಲ ಹೇಳುತ್ತಿದ್ದರು.

ಅವ್ವ ಇಷ್ಟು ವರ್ಷ ಇಲ್ಲೇ ಇದ್ದರೂ ಸಂತೆಗೆ ಹೊರಟಾಗ "ಊರಾಗ ಹೋಗಿ ಬರ್ತೀನಿ" ಅಂತಲೇ ಹೇಳುತ್ತಾಳೆ. ಅವಳಿಗೆ ಊರು ಅಂದರೆ ಕೆಳಗಿನದೇ. ಹೋಳಿ ಬಂತೆಂದರೆ ನಾವೂ ಹಳೇ ಊರಿನ ಕಿಲ್ಲಾ, ಹೊಸಪೇಟೆ ಓಣಿಗಳ ಕಡೆ ಇಳಿಯುತ್ತೇವೆ, ಹಲಗೆ ಬಾರಿಸುತ್ತೇವೆ, ಬಣ್ಣದ ಬಂಡಿ ನೋಡುತ್ತೇವೆ. ಸಂಜೆ ಮತ್ತೆ ಏರು ಹತ್ತಿ ಮನೆ. ಎರಡೂ ಕಡೆ ಕಾಲಿಟ್ಟುಕೊಂಡು ಬದುಕುವುದು ವಿದ್ಯಾಗಿರಿಯ ಸ್ವಭಾವ, ಅದು ಕೊರತೆ ಅಂತ ನನಗೆ ಯಾವತ್ತೂ ಅನ್ನಿಸಿಲ್ಲ.

ಈಗ ನನ್ನ ಸಿಟ್ಟು ಬೇರೆ ವಿಷಯಕ್ಕೆ. ಇಳಿಜಾರನ್ನು ಜೆಸಿಬಿ ತಂದು ಸಪಾಟು ಮಾಡುತ್ತಿದ್ದೇವೆ. ಮೇಲಿನ ಸೈಟಿನವರು ಮಣ್ಣು ತುಂಬಿ ಎತ್ತರ ಮಾಡಿಕೊಂಡರೆ, ಮಳೆ ನೀರು ತನ್ನ ಹಳೇ ದಾರಿ ಬಿಟ್ಟು ಕೆಳಗಿನ ಕ್ರಾಸಿನ ಮನೆಗಳಿಗೆ ನುಗ್ಗುತ್ತದೆ. ಹೋದ ಮಳೆಗಾಲ ನಮ್ಮ ಓಣಿಯ ಅಜ್ಜಿಯೊಬ್ಬರ ಜೋಳದ ಚೀಲ ಪೂರ್ತಿ ನೆನೆದು ಹೋಯಿತು. ಒಮ್ಮೆ ನೀರಿಗೆ ಮನೆ ಬಿಟ್ಟುಕೊಟ್ಟು ಬಂದವರು ಅವರು. ಗುಡ್ಡದ ಮೇಲೆ ಬಂದರೂ ಅದೇ ಕಾಟವಾ? ಮನೆ ಕಟ್ಟಬೇಡಿ ಅನ್ನುತ್ತಿಲ್ಲ. ಇಳಿಜಾರು ಇದ್ದ ಹಾಗೇ ಇರಲಿ, ಎರಡು ಮೆಟ್ಟಿಲು ಜಾಸ್ತಿ ಹಾಕಿಸಿ, ಗಟಾರದ ಮೇಲೆ ಕಟ್ಟೆ ಕಟ್ಟಬೇಡಿ.

ಭಾನುವಾರ ಬೆಳಿಗ್ಗೆ ಏಳಕ್ಕೆ ನಮ್ಮ ಕ್ರಾಸಿನ ಗಟಾರ ಬಿಡಿಸುತ್ತಿದ್ದೇವೆ. ಬರುವವರು ಸಲಿಕೆ, ಬುಟ್ಟಿ ತನ್ನಿ. ಚಹಾ, ಚುರುಮುರಿ ನಮ್ಮ ಮನೆಯಲ್ಲಿ.