ಸ್ಪಷ್ಟನೆ: ಸಿಮ್ಯುಲೇಟರ್ ಸೈಕಲ್ ಅಪಘಾತದ ಭವಿಷ್ಯ ಹೇಳುವುದಿಲ್ಲ

ವರ್ಚುವಲ್ ರಿಯಾಲಿಟಿ ಸಿಮ್ಯುಲೇಟರ್‌ನಲ್ಲಿ, ಅಂದರೆ ಕಂಪ್ಯೂಟರ್ ಚಿತ್ರಗಳಿಂದ ರಸ್ತೆಯ ಅನುಭವ ಕೊಡುವ ಯಂತ್ರದಲ್ಲಿ, ಸೈಕಲ್ ಅಥವಾ ಇ-ಸ್ಕೂಟರ್ ಓಡಿಸಿ ನೋಡಿದರೆ ರಸ್ತೆಯಲ್ಲಿ ಯಾರು, ಎಷ್ಟು ಸಲ ಬೀಳುತ್ತಾರೆಂದು ಮೊದಲೇ ಹೇಳಬಹುದು ಎಂಬ ಮಾತು ಹರಿದಾಡುತ್ತಿದೆ. ಇದು ಸರಿಯಲ್ಲ. (ಇಲ್ಲಿ ಇ-ಸ್ಕೂಟರ್ ಎಂದರೆ ನಮ್ಮ ಬೀದಿಗಳಲ್ಲಿ ಕೂತು ಓಡಿಸುವ ವಿದ್ಯುತ್ ಸ್ಕೂಟರ್ ಅಲ್ಲ, ಯುರೋಪಿನ ನಗರಗಳಲ್ಲಿ ನಿಂತು ಓಡಿಸುವ, ಚಿಕ್ಕ ಚಕ್ರದ ವಾಹನ.)

ಇಂಥ ಪ್ರಯೋಗ ನಿಜಕ್ಕೂ ಏನು ತಿಳಿಸುತ್ತದೆ ಎಂಬುದಕ್ಕೆ ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಸಂಶೋಧಕರು 2004ರಲ್ಲಿ ಪ್ರಕಟಿಸಿದ ಅಧ್ಯಯನ ಒಳ್ಳೆಯ ಉದಾಹರಣೆ. ಮೂರು ದೊಡ್ಡ ಪರದೆಗಳ ನಡುವೆ ಕದಲದಂತೆ ನಿಲ್ಲಿಸಿದ ಸೈಕಲ್ಲಿನ ಪೆಡಲ್ ತುಳಿಯುತ್ತ, 10 ಮತ್ತು 12 ವರ್ಷದ ಮಕ್ಕಳೂ ವಯಸ್ಕರೂ ಕಾರುಗಳು ಓಡಾಡುವ ಅಡ್ಡರಸ್ತೆಗಳನ್ನು ದಾಟಬೇಕಿತ್ತು. ಎರಡು ಕಾರುಗಳ ನಡುವೆ ಮಕ್ಕಳು ಆರಿಸಿಕೊಂಡ ಅಂತರ ದೊಡ್ಡವರು ಆರಿಸಿಕೊಂಡಷ್ಟೇ ಇತ್ತು. ಆದರೆ ಮಕ್ಕಳು ಹೊರಡುವುದು ತಡವಾಗಿ, ದಾಟಲೂ ಹೆಚ್ಚು ಹೊತ್ತು ಹಿಡಿದದ್ದರಿಂದ, ಮುಂದಿನ ಕಾರು ಬರುವ ಮುನ್ನ ಅವರಿಗೆ ಉಳಿದ ಸಮಯ ಕಡಿಮೆಯಾಗಿತ್ತು. ನಿಜವಾದ ಕಾರುಗಳ ಮುಂದೆ ಮಕ್ಕಳನ್ನು ಬಿಟ್ಟು ಇದನ್ನು ಅಳೆಯಲು ಯಾರಿಗೂ ಮನಸ್ಸು ಬಾರದು. ಸಿಮ್ಯುಲೇಟರಿನ ಬೆಲೆ ಇರುವುದೇ ಅಲ್ಲಿ.

ಬೀಳುವ ವಿಚಾರ ಬೇರೆ. ಸೈಕಲ್ ಎಡಕ್ಕೆ ತಿರುಗಬೇಕಾದರೆ ಸವಾರ ತನಗೇ ಅರಿವಿಲ್ಲದೆ ಹ್ಯಾಂಡಲನ್ನು ಕ್ಷಣಕಾಲ ಬಲಕ್ಕೆ ತಿರುಗಿಸಿ, ವಾಹನದೊಂದಿಗೆ ತಾನೂ ಎಡಕ್ಕೆ ವಾಲುತ್ತಾನೆ. ಬಿಗಿದು ನಿಲ್ಲಿಸಿದ ಸೈಕಲ್ಲಿನಲ್ಲಿ ಈ ವಾಲುವಿಕೆಯೂ ಇಲ್ಲ, ಆಯ ತಪ್ಪುವ ಭಯವೂ ಇಲ್ಲ. ಇ-ಸ್ಕೂಟರಿನ ಪುಟ್ಟ ಚಕ್ರ ಗುಂಡಿಗೆ ಇಳಿದಾಗ ಕೈಗೆ ಬರುವ ಹೊಡೆತವನ್ನು ಪರದೆಯ ಚಿತ್ರ ಕೊಡಲಾರದು. ಹಾಗಾಗಿ ಎರಡು ಬೀದಿ ವಿನ್ಯಾಸಗಳಲ್ಲಿ ಯಾವುದರಲ್ಲಿ ಸವಾರರು ವೇಗ ತಗ್ಗಿಸುತ್ತಾರೆಂದು ಸಿಮ್ಯುಲೇಟರಿನಲ್ಲಿ ಮಾಡಿದ ಹೋಲಿಕೆಯನ್ನು ಬಹುಮಟ್ಟಿಗೆ ಒಪ್ಪಬಹುದಾದರೂ, ಅಲ್ಲಿ ದಾಖಲಾದ ವೇಗ, ಉದಾಹರಣೆಗೆ, ಗಂಟೆಗೆ 18 ಕಿ.ಮೀ. ಇದ್ದರೆ ಅದನ್ನು ನಿಜವಾದ ರಸ್ತೆಯ 18 ಎಂದೇ ಓದಬಾರದು.