ಶುಭಪಂತುವರಾಳಿ ಎನ್ನುವಾಗ ನಕ್ಕರಂತೆ!

ಬಾನುಲಿಯಲ್ಲಿ ಒಂದು ಗಂಟೆಯ ಸಂಗೀತ ಕಚೇರಿ ಎಂದರೆ ಹೆಚ್ಚುಕಡಿಮೆ 57 ನಿಮಿಷ ಸಂಗೀತ, 3 ನಿಮಿಷ ಉದ್ಘೋಷಣೆ. ಆ 57 ನಿಮಿಷಗಳ ಬಗ್ಗೆ ಅಭಿಪ್ರಾಯ ಹೇಳಬೇಕಾದರೆ ತೋಡಿ ರಾಗಕ್ಕೂ ಧನ್ಯಾಸಿ ರಾಗಕ್ಕೂ ಇರುವ ವ್ಯತ್ಯಾಸ ತಿಳಿದಿರಬೇಕು, ಮಿಶ್ರಛಾಪು ತಾಳವನ್ನು ತೊಡೆಯ ಮೇಲೆ ತಪ್ಪದೆ ಹಾಕಲು ಬರಬೇಕು. ಉಳಿದ ಮೂರು ನಿಮಿಷಕ್ಕೆ ಕಿವಿಯೊಂದಿದ್ದರೆ ಸಾಕು. ಆದ್ದರಿಂದಲೇ ನಮ್ಮಲ್ಲಿ ಸಂಗೀತ ವಿಮರ್ಶಕರು ವಿರಳ. ಉದ್ಘೋಷಣೆಯ ವಿಮರ್ಶಕರು ಬೀದಿಗೊಬ್ಬರು.

ನಮ್ಮ ಬೀದಿಯವರನ್ನು ಸದ್ಯಕ್ಕೆ ರಾಯರು ಎಂದಿಟ್ಟುಕೊಳ್ಳೋಣ. ಮೊನ್ನೆ ಹಾಲಿನ ಅಂಗಡಿಯ ಮುಂದೆ ಸಿಕ್ಕಿದ್ದರು. ಮುಖ ಕೆಂಪಾಗಿತ್ತು.

‘ರಾತ್ರಿಯ ಕಚೇರಿ ಕೇಳಿದಿರಾ ರಾಯರೇ?’

‘ಕೇಳದೆ ಇರುತ್ತೇನೆಯೇ? ಆ ಉದ್ಘೋಷಕಿ ಶುಭಪಂತುವರಾಳಿ ಎನ್ನುವಾಗ ನಕ್ಕರು ಸ್ವಾಮಿ! ಅದು ಶೋಕದ ರಾಗ. ಸಾವಿನ ಮನೆಗೆ ಹೋಗಿ ಹಲ್ಲು ಕಿರಿದ ಹಾಗಾಯಿತು.’

‘ರೇಡಿಯೋದಲ್ಲಿ ನಕ್ಕದ್ದು ಹೇಗೆ ಕಂಡಿತು?’

‘ದನಿಯಲ್ಲೇ ಹಲ್ಲು ಕಾಣುತ್ತಿತ್ತು.’

‘ಅದಿರಲಿ, ಹಾಡಿದ್ದು ಯಾರು?’

‘ಅದನ್ನೇ ಹೇಳುತ್ತಿರುವುದು. ಆ ನಗುವಿನಲ್ಲಿ ಹೆಸರು ಯಾರಿಗೆ ಕೇಳಿಸುತ್ತದೆ?’

ಶುಭಪಂತುವರಾಳಿಯ ಸ್ವರಗಳನ್ನೇ ಧಾರವಾಡದ ಕಡೆ ಹಿಂದುಸ್ತಾನಿ ಗಾಯಕರು ತೋಡಿ ಎಂದು ಬೆಳಗಿನ ಹೊತ್ತು ಹಾಡುತ್ತಾರೆ. ಅಲ್ಲಿ ಉದ್ಘೋಷಕರು ಎಷ್ಟು ನಗಬಹುದು, ಹುಬ್ಬಳ್ಳಿ ದಾಟಿ ಬೆಂಗಳೂರಿನ ಕಡೆ ಬರುವಾಗ ಆ ನಗುವನ್ನು ಎಲ್ಲಿ ಇಳಿಸಬೇಕು ಎಂಬ ಸುತ್ತೋಲೆ ಇನ್ನೂ ಯಾರ ಕೈಗೂ ಸಿಕ್ಕಿಲ್ಲ.

ಇನ್ನು ರಾಗದ ಹೆಸರನ್ನು ಯಾವಾಗ ಹೇಳಬೇಕು ಎಂಬ ಜಗಳ. ಇದರ ಮುಂದೆ ಕಾವೇರಿ ವಿವಾದ ಸುಲಭದ್ದು. ಅದಕ್ಕೆ ನ್ಯಾಯಮಂಡಳಿಯಾದರೂ ಇತ್ತು. ಕೇಳುಗರಲ್ಲಿ ಒಂದು ಪಂಗಡದ ಪ್ರಕಾರ ಹೆಸರನ್ನು ಮೊದಲೇ ಹೇಳಕೂಡದು. ಆಲಾಪನೆಯ ಮೊದಲ ಎಳೆ ಕಿವಿಗೆ ಬಿದ್ದೊಡನೆ ಅಡುಗೆಮನೆಗೆ ಕೇಳಿಸುವಂತೆ ‘ಇದು ರೀತಿಗೌಳ’ ಎಂದು ಘೋಷಿಸಿ, ಅರ್ಧ ಗಂಟೆಯ ನಂತರ ಉದ್ಘೋಷಕಿಯ ಬಾಯಿಂದ ಅದಕ್ಕೆ ಮುದ್ರೆ ಒತ್ತಿಸಿಕೊಳ್ಳುವುದು ಆ ಮನೆಯ ಯಜಮಾನರಿಗೆ ದಿನದಲ್ಲಿ ಸಿಗುವ ಒಂದೇ ಗೆಲುವು. ಆಕೆ ಮೊದಲೇ ಬಾಯಿಬಿಟ್ಟರೆ ಅದೂ ಹೋಯಿತು. ಹಾಗೆಂದು ಕೊನೆಯಲ್ಲಿ ಹೇಳಿದರೆ ಎಲ್ಲ ದಿನವೂ ಸುಖವಿಲ್ಲ. ಒಂದು ದಿನ ರೀತಿಗೌಳ ಎಂದುಕೊಂಡದ್ದು ಆನಂದಭೈರವಿ ಎಂದು ಪ್ರಕಟವಾಗುತ್ತದೆ. ಅಂದು ಮನೆಯಲ್ಲಿ ಹೊರಡುವ ತೀರ್ಪು ಒಂದೇ: ಉದ್ಘೋಷಕಿ ಚೀಟಿ ತಪ್ಪಾಗಿ ಓದಿದ್ದಾರೆ. ‘ಈಗಿನವರಿಗೆ ಸಂಗೀತದ ಗಂಧವೇ ಇಲ್ಲ’ ಎಂದು ರೇಡಿಯೋ ಕಡೆಗೆ ಕೈ ಬೀಸಿ ಯಜಮಾನರು ಊಟಕ್ಕೆ ಏಳುತ್ತಾರೆ. ಎರಡನೆಯ ಪಂಗಡಕ್ಕೆ ಹೆಸರು ಮೊದಲೇ ಬೇಕು. ಇಲ್ಲವಾದರೆ ತಲೆಯನ್ನು ಯಾವ ಅಂದಾಜಿನಲ್ಲಿ ಅಲ್ಲಾಡಿಸಬೇಕು ಎಂಬುದು ಪಲ್ಲವಿ ಮುಗಿದರೂ ಇತ್ಯರ್ಥವಾಗುವುದಿಲ್ಲ.

ಉಚ್ಚಾರಣೆಯ ವಿಷಯಕ್ಕೆ ಬಂದರೆ ರಾಯರು ಸಾಕ್ಷಾತ್ ಪಾಣಿನಿ. ಯಾರೋ ಹಂಸಧ್ವನಿಯ ತಲೆಯ ಮೇಲಿನ ಹಕಾರವನ್ನು ನುಂಗಿದರೆಂದು ಎರಡು ಪುಟದ ಪತ್ರ ಬರೆದವರು ಅವರು. (ಅದನ್ನು ನನಗೆ ಓದಿ ಹೇಳುವಾಗ ‘ಮೋಹನ’ ರಾಗ ಅವರ ಬಾಯಲ್ಲಿ ಎರಡು ಸಲ ‘ಮೋನ’ವಾಯಿತು, ನಾನು ಆಕಾಶ ನೋಡಿದೆ.) ಇಷ್ಟು ಸೂಕ್ಷ್ಮವಾದ ಕಿವಿ ಗಾಯಕನ ಸರದಿ ಬಂದಾಗ ಮಾತ್ರ ದೊಡ್ಡ ಮನಸ್ಸು ಮಾಡುತ್ತದೆ. ತ್ಯಾಗರಾಜರು ಕಲ್ಯಾಣಿಯಲ್ಲಿ ‘ನಿಧಿ ಚಾಲ ಸುಖಮಾ’ ಎಂದು ಕೇಳಿದರು: ಸಂಪತ್ತು ಹೆಚ್ಚು ಸುಖವೋ, ರಾಮನ ಸನ್ನಿಧಿಯೋ ಎಂದು. ಅದನ್ನು ‘ನಿಧಿಚಾ’ ಎಂದು ಕತ್ತರಿಸಿ, ಉಸಿರೆಳೆದುಕೊಂಡು, ‘ಲಸುಖಮಾ’ ಎಂದು ಮುಗಿಸುವ ವಿದ್ವಾಂಸರಿದ್ದಾರೆ. ಆಗ ರಾಯರ ಕಣ್ಣು ಅರ್ಧ ಮುಚ್ಚಿರುತ್ತದೆ, ಬಾಯಿಂದ ‘ಭಲೇ’ ಬಂದಿರುತ್ತದೆ. ತಾಳಕ್ಕಾಗಿ ಮಾತನ್ನು ಕೊಂದರೆ ಕಲೆ, ಚೀಟಿ ಓದುವ ಅವಸರದಲ್ಲಿ ಒಂದು ಮಹಾಪ್ರಾಣ ಬಿದ್ದುಹೋದರೆ ಸಂಸ್ಕೃತಿಯ ಅಧಃಪತನ.

ಪಕ್ಕವಾದ್ಯದವರ ಹೆಸರು ಹೇಳುವುದಂತೂ ಕೆಂಡದ ಮೇಲಿನ ನಡಿಗೆ. ‘ಪಿಟೀಲು ವಾದಕರಿಗೆ ವಿದ್ವಾನ್ ಎಂದರು, ಖಂಜೀರದವರಿಗೆ ಬರೀ ಶ್ರೀ ಎಂದರು, ಅದೂ ದನಿ ತಗ್ಗಿಸಿ’ ಎಂಬ ದೂರಿನ ಬೆನ್ನು ಹತ್ತಿ ಹೋದರೆ ಕೊನೆಗೆ ಖಂಜೀರದವರ ಭಾವಮೈದುನನ ಮನೆ ಬರುತ್ತದೆ.

ಹಾಗೆ ನೋಡಿದರೆ ಈ ಕಾಯಿಲೆ ನಮ್ಮದೊಂದೇ ಅಲ್ಲ. 1941ರಲ್ಲಿ ಬಿಬಿಸಿ ಯಾರ್ಕ್‌ಶೈರ್‌ನ ವಿಲ್ಫ್ರೆಡ್ ಪಿಕಲ್ಸ್ ಅವರನ್ನು ವಾರ್ತೆ ಓದಲು ಕೂರಿಸಿದಾಗ, ಆ ಉತ್ತರ ಇಂಗ್ಲೆಂಡಿನ ಧಾಟಿ ಕೇಳಿ ಬೆಚ್ಚಿಬಿದ್ದವರು ಬಹಳ ಮಂದಿ. ತಲೆಯ ಮೇಲೆ ಹಿಟ್ಲರನ ಬಾಂಬು ಇದ್ದರೂ ಅವರು ದೂರು ಬರೆಯುವುದನ್ನು ಬಿಡಲಿಲ್ಲ. ನಮ್ಮಲ್ಲಿ ಮೈಸೂರಿನಲ್ಲಿ 1935ರಲ್ಲೇ ಬಾನುಲಿ ಆರಂಭಿಸಿದ ಎಂ.ವಿ. ಗೋಪಾಲಸ್ವಾಮಿಯವರು ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ಈ ಕೆಲಸಕ್ಕೆ ಎಂಜಿನಿಯರ್‌ಗಿಂತ ಮೊದಲು ಮನಶ್ಶಾಸ್ತ್ರಜ್ಞ ಬೇಕೆಂಬುದು ಕೇಳುಗರ ಮೊದಲ ಪತ್ರ ಬರುವ ಮುಂಚೆಯೇ ವಿಧಿಗೆ ಗೊತ್ತಿತ್ತೆಂದು ಕಾಣುತ್ತದೆ.

ರಾಯರ ಬೇಡಿಕೆ ಸರಳವಾಗಿದೆ. ಆಲ್ ಇಂಡಿಯಾ ರೇಡಿಯೋ 1940ರಲ್ಲಿ ಹಾರ್ಮೋನಿಯಂ ಅನ್ನು ಹೊರಹಾಕಿತು. ಗಮಕ, ಅಂದರೆ ಸ್ವರದ ಬಳುಕು, ಬಾರದ ಪೆಟ್ಟಿಗೆ ಎಂಬುದು ಅದರ ಮೇಲಿದ್ದ ಆರೋಪಗಳಲ್ಲಿ ಒಂದು. ಮತ್ತೆ ಒಳಗೆ ಕಾಲಿಡಲು ಅದು 1971ರವರೆಗೆ ಬಾಗಿಲಲ್ಲಿ ಕಾಯಬೇಕಾಯಿತು. ಅದೇ ನ್ಯಾಯ ಉದ್ಘೋಷಕರಿಗೂ ಅನ್ವಯವಾಗಲಿ ಎನ್ನುತ್ತಾರೆ ಅವರು. ದನಿಯಲ್ಲಿ ಗಮಕವಿಲ್ಲದವರು ಮೂವತ್ತು ವರ್ಷ ಹೊರಗಿರಲಿ. ಆದರೆ ಗಮಕ ಹೆಚ್ಚಾದರೆ ಅದು ನಾಟಕವಂತೆ, ಕಡಿಮೆಯಾದರೆ ರೈಲ್ವೆ ನಿಲ್ದಾಣವಂತೆ. ಎರಡು ವಾಕ್ಯ ಮಾತಾಡಿದರೆ ‘ಉಪನ್ಯಾಸ ಕೇಳಲು ರೇಡಿಯೋ ಹಾಕಿದೆವೇ?’ ಒಂದೇ ವಾಕ್ಯವಾದರೆ ‘ಸಂಬಳ ಯಾತಕ್ಕೆ ಕೊಡುತ್ತಾರೆ?’

ಸಂಬಳದ ಮಾತು ಬಂದಿತಲ್ಲ. ಆ ದನಿಗಳಲ್ಲಿ ಹಲವು ತಿಂಗಳಿಗೆ ಬೆರಳೆಣಿಕೆಯ ಪಾಳಿ ಸಿಗುವ, ಪಾಳಿಯ ಲೆಕ್ಕದಲ್ಲಿ ಹಣ ಪಡೆಯುವ ಅರೆಕಾಲಿಕರದು. ಬೆಳಗಿನ ಪ್ರಸಾರವೆಂದರೆ ಊರು ಏಳುವ ಮೊದಲು ಸ್ಟುಡಿಯೋ ಸೇರಬೇಕು. ಅರೆಕಾಲಿಕ ಉದ್ಘೋಷಕಿಗೆ ಪೂರ್ಣಾವಧಿ ವಿಮರ್ಶಕ: ಇಂಥ ಅನುಕೂಲ ಸರ್ಕಾರದ ಬೇರೆ ಯಾವ ಇಲಾಖೆಯಲ್ಲೂ ಇಲ್ಲ.

ದೇಶದ ಮೊದಲ ಖಾಸಗಿ ಎಫ್‌ಎಂ ಶುರುವಾದದ್ದು 2001ರಲ್ಲಿ, ನಮ್ಮ ಬೆಂಗಳೂರಿನಲ್ಲೇ. ಅಂದಿನಿಂದ ಈ ನಗರದ ಆಟೊ, ಕ್ಷೌರದಂಗಡಿ, ದರ್ಶಿನಿಗಳಲ್ಲಿ ಎಷ್ಟೋ ದನಿಗಳು ಉಸಿರು ಬಿಡದೆ ಮಾತಾಡಿವೆ, ತಮ್ಮ ಮಾತಿಗೆ ತಾವೇ ಕೇಕೆ ಹಾಕಿವೆ. ಅಲ್ಲಿ ಹಕಾರವಿರಲಿ, ಕೆಲವೊಮ್ಮೆ ಕನ್ನಡವೇ ಇರುವುದಿಲ್ಲ. ರಾಯರು ಅದರ ಬಗ್ಗೆ ಒಂದು ಅಂಚೆ ಕಾರ್ಡನ್ನೂ ವ್ಯಯ ಮಾಡಿದವರಲ್ಲ. ‘ಅದು ಬಿಡಿ, ಅಲ್ಲಿ ಯಾರು ಕೇಳುತ್ತಾರೆ?’ ಎನ್ನುತ್ತಾರೆ, ಕುರ್ಚಿಯಲ್ಲಿ ಕುಳಿತು ಗಡ್ಡಕ್ಕೆ ಸೋಪು ಹಚ್ಚಿಸಿಕೊಳ್ಳುತ್ತ.

ಹಾಗಾದರೆ ಉದ್ಘೋಷಣೆಯೇ ಬೇಡವೆನ್ನೋಣವೇ? 2016ರ ಗಣರಾಜ್ಯೋತ್ಸವದಂದು ಆಕಾಶವಾಣಿಯು ‘ರಾಗಂ’ ಎಂಬ ದಿನದ 24 ಗಂಟೆಯ ಶಾಸ್ತ್ರೀಯ ಸಂಗೀತ ವಾಹಿನಿಯನ್ನು ಆರಂಭಿಸಿತು. ಮೊಬೈಲ್‌ನಲ್ಲಿ ಅದನ್ನು ಹಾಕಿಕೊಟ್ಟೆ. ಕಚೇರಿಯ ನಡುವೆ ಬಹಳ ಹೊತ್ತು ಯಾರೂ ಮಾತಾಡಲಿಲ್ಲ. ರಾಯರ ಮುಖ ಸಪ್ಪಗಾಯಿತು. ‘ಮನುಷ್ಯರ ದನಿಯೇ ಇಲ್ಲವಲ್ಲ’ ಎಂದು ಮೊಬೈಲ್ ಹಿಂದಿರುಗಿಸಿದರು. ಒಳ್ಳೆಯ ಶಂಕರಾಭರಣ ನಡೆಯುತ್ತಿತ್ತು.

ನನ್ನದೊಂದು ಸಲಹೆ. ಆಕಾಶವಾಣಿಯಲ್ಲಿ ಕಲಾವಿದರಿಗೆ ಆಡಿಷನ್ ಇದೆ. ಬಿ, ಬಿ ಹೈ, ಎ, ಎ ಟಾಪ್ ಎಂಬ ಶ್ರೇಣಿಗಳಿವೆ. 1950ರ ದಶಕದಲ್ಲಿ ವಾರ್ತಾ ಮತ್ತು ಪ್ರಸಾರ ಮಂತ್ರಿ ಬಿ.ವಿ. ಕೇಸ್ಕರ್ ಕಾಲದಲ್ಲಿ ಈ ಪದ್ಧತಿ ಬಿಗಿಯಾದಾಗ ಹೆಸರಾಂತ ಸಂಗೀತಗಾರರೇ ಸಿಟ್ಟಾಗಿದ್ದರು. ಕಲಾವಿದರು ಸಹಿಸಿಕೊಂಡದ್ದನ್ನು ಕೇಳುಗರೂ ಒಮ್ಮೆ ಸಹಿಸಲಿ. ದೂರು ಬರೆಯಬಯಸುವವರಿಗೆ ಆಡಿಷನ್ ಇಡಬೇಕು. ತೆರೆಯ ಆಚೆ ಕೂರಿಸಿ, ಹೆಸರು ಹೇಳದೆ ಮೂರು ಆಲಾಪನೆ ಕೇಳಿಸಬೇಕು. ರಾಗ ಹೇಳಬೇಕು, ಮೃದಂಗದವರು ಒಬ್ಬರೇ ನುಡಿಸುವ ತನಿ ಆವರ್ತನದಲ್ಲಿ ತಾಳ ಬಿಡದೆ ಹಾಕಬೇಕು. ಬಿ ಶ್ರೇಣಿ ಬಂದವರಿಗೆ ವರ್ಷಕ್ಕೆ ಒಂದು ದೂರು, ಅದೂ ಮಹಾಪ್ರಾಣದ ಬಗ್ಗೆ ಮಾತ್ರ. ನಗುವಿನ ಮೇಲಿನ ಆಕ್ಷೇಪಣೆ ಎ ಟಾಪ್‌ನವರಿಗೆ ಮೀಸಲು. ತೀರ್ಪುಗಾರರಾಗಿ ಅರೆಕಾಲಿಕ ಉದ್ಘೋಷಕರನ್ನೇ ಕೂರಿಸಬಹುದು. ನಾಲ್ಕು ಪಾಳಿ ಹೆಚ್ಚು ಸಿಕ್ಕಂತಾಗುತ್ತದೆ.

ಈ ಯೋಜನೆಯನ್ನು ರಾಯರಿಗೆ ವಿವರಿಸಿದೆ. ಗಂಭೀರವಾಗಿ ಕೇಳಿದರು. ತೆರೆ, ಆಲಾಪನೆ, ಶ್ರೇಣಿ ಯಾವುದಕ್ಕೂ ಅವರ ತಕರಾರಿಲ್ಲ. ಅಭ್ಯರ್ಥಿಗಳ ಹೆಸರನ್ನು ಒಳಗಿನಿಂದ ಕರೆಯುವವರು ಯಾರು, ಅವರ ದನಿ ಹೇಗಿರುತ್ತದೆ ಎಂಬುದು ಮೊದಲು ಬರವಣಿಗೆಯಲ್ಲಿ ತಿಳಿಯಬೇಕಂತೆ.