ಮೂರು ಮುಕ್ಕಾಲು ರೂಪಾಯಿ ಬಡ್ಡಿ

ಹಳ್ಳಿ ಕಡೆ ಕೈಸಾಲ ಕೊಡುವವರು ಬಡ್ಡಿಯನ್ನು ರೂಪಾಯಿಯಲ್ಲಿ ಹೇಳುತ್ತಾರೆ. ಎರಡು ರೂಪಾಯಿ ಬಡ್ಡಿ ಅಂದರೆ ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ. ಮೂರು ರೂಪಾಯಿ ಅಂದರೆ "ಯಾಕೋ ಜಾಸ್ತಿ ಆಯ್ತಲ್ಲ" ಅಂತ ಮನೆಯಲ್ಲಿ ಮಾತು ಬರುತ್ತದೆ. ಅದಕ್ಕಿಂತ ಮೇಲೆ ಹೋದರೆ ಆ ಮನುಷ್ಯನ ಸಹವಾಸವೇ ಬೇಡ ಅಂತ ಹಿರಿಯರು ಬೈಯುತ್ತಾರೆ.

ಈ ಲೆಕ್ಕದಲ್ಲಿ ನಮ್ಮ ಪರ್ಸಿನಲ್ಲಿರುವ ಕ್ರೆಡಿಟ್ ಕಾರ್ಡಿನ ಬಡ್ಡಿ ಎಷ್ಟು ಗೊತ್ತಾ? ಈಗ ಬಹಳಷ್ಟು ಕಾರ್ಡುಗಳಲ್ಲಿ ಮೂರು ಮುಕ್ಕಾಲು ರೂಪಾಯಿ. ವರ್ಷಕ್ಕೆ ಶೇ 45. ಆ ಬಡ್ಡಿಯ ಮೇಲೆ ಶೇ 18 ಜಿಎಸ್‌ಟಿ ಬೇರೆ. ಎರಡೂ ಸೇರಿದರೆ ಶೇ 53 ದಾಟುತ್ತದೆ. ಒಂದು ಲಕ್ಷ ಬಾಕಿ ಉಳಿಸಿಕೊಂಡವರಿಗೆ ತಿಂಗಳಿಗೆ 4,425 ರೂಪಾಯಿ ಸುಮ್ನೆ ಹೋಗುತ್ತದೆ. ಅಸಲಿನಲ್ಲಿ ಒಂದು ಪೈಸೆಯೂ ಕಮ್ಮಿಯಾಗುವುದಿಲ್ಲ.

ತಮಾಷೆ ಏನಪ್ಪಾ ಅಂದರೆ, ನಮ್ಮ ರಾಜ್ಯದಲ್ಲಿ ಖಾಸಗಿ ಲೇವಾದೇವಿದಾರರಿಗೆ ಮಿತಿ ಇದೆ. ಅಡಮಾನ ಇಟ್ಟುಕೊಂಡ ಸಾಲಕ್ಕೆ ವರ್ಷಕ್ಕೆ ಶೇ 14, ಅಡಮಾನ ಇಲ್ಲದ ಸಾಲಕ್ಕೆ ಶೇ 16. ಅದಕ್ಕಿಂತ ಜಾಸ್ತಿ ಕಿತ್ತರೆ 2004ರ ದುಬಾರಿ ಬಡ್ಡಿ ನಿಷೇಧ ಕಾಯ್ದೆಯಲ್ಲಿ ಕೇಸು. ಎಷ್ಟು ಜನ ಇದನ್ನು ಪಾಲಿಸುತ್ತಾರೆ ಅನ್ನುವುದು ಬೇರೆ ಮಾತು, ಬಿಡಿ. ಆದರೆ ಕಾಗದದ ಮೇಲಾದರೂ ಒಂದು ಗೆರೆ ಇದೆ. ಬ್ಯಾಂಕುಗಳಿಗೆ ಆ ಗೆರೆಯೂ ಇಲ್ಲ. ಬ್ಯಾಂಕಿಂಗ್ ನಿಯಂತ್ರಣ ಕಾಯ್ದೆಯಲ್ಲಿ 21ಎ ಅಂತ ಒಂದು ಕಲಂ ಇದೆ. ಬಡ್ಡಿ ವಿಪರೀತ ಆಯ್ತು ಅನ್ನುವ ಒಂದೇ ಕಾರಣಕ್ಕೆ ಬ್ಯಾಂಕಿನ ಸಾಲದ ಲೆಕ್ಕವನ್ನು ಕೋರ್ಟು ಮತ್ತೆ ಬಿಚ್ಚುವಂತಿಲ್ಲ ಅನ್ನುತ್ತದೆ ಅದು.

ಇದನ್ನು ಪ್ರಶ್ನಿಸಿದವರೇ ಇಲ್ಲ ಅಂತಲ್ಲ. 2008ರ ಜುಲೈನಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗ ಒಂದು ತೀರ್ಪು ಕೊಟ್ಟಿತ್ತು. ಕಾರ್ಡಿನ ಬಿಲ್ ಸಮಯಕ್ಕೆ ಕಟ್ಟದವರಿಂದ ವರ್ಷಕ್ಕೆ ಶೇ 30ಕ್ಕಿಂತ ಜಾಸ್ತಿ ಬಡ್ಡಿ ತೆಗೆದುಕೊಳ್ಳುವುದು ಅನುಚಿತ ವ್ಯಾಪಾರ ಪದ್ಧತಿ ಅಂತ. ಬ್ಯಾಂಕುಗಳು ಸುಪ್ರೀಂ ಕೋರ್ಟಿಗೆ ಹೋದವು. ಹದಿನಾರು ವರ್ಷ ಕಳೆಯಿತು. 2024ರ ಡಿಸೆಂಬರ್ 20ರಂದು ಸುಪ್ರೀಂ ಕೋರ್ಟು ಆ ತೀರ್ಪನ್ನು ರದ್ದು ಮಾಡಿತು. ಬಡ್ಡಿಗೆ ಮಿತಿ ಹಾಕುವುದು ಗ್ರಾಹಕ ಆಯೋಗದ ಕೆಲಸವಲ್ಲ, ಅದು ರಿಸರ್ವ್ ಬ್ಯಾಂಕಿಗೆ ಬಿಟ್ಟ ವಿಷಯ ಅಂದಿತು. ಕಾನೂನಿನ ಪ್ರಕಾರ ಸರಿಯೇ ಇರಬಹುದು. ಆದರೆ ರಿಸರ್ವ್ ಬ್ಯಾಂಕ್ ಏನು ಮಾಡಿದೆ? ಬಡ್ಡಿ ಸಮರ್ಥಿಸಿಕೊಳ್ಳುವಂತಿರಬೇಕು ಅನ್ನುತ್ತದೆ. ದರ ಎಷ್ಟು ಅನ್ನುವುದನ್ನು ಬ್ಯಾಂಕುಗಳಿಗೇ ಬಿಟ್ಟಿದೆ. ಇಲಿ ಎಷ್ಟು ಬೆಣ್ಣೆ ತಿನ್ನಬೇಕು ಅಂತ ಇಲಿಯನ್ನೇ ಕೇಳಿದ ಹಾಗೆ.

ನನಗೆ ನಿಜಕ್ಕೂ ಸಿಟ್ಟು ಬರುವುದು ಈ 45ರ ಬಗ್ಗೆಯೂ ಅಲ್ಲ. ಇದು ಮೇಲಕ್ಕೆ ಮಾತ್ರ ಹೋಗುತ್ತದೆ ಅನ್ನುವುದಕ್ಕೆ.

ನೋಡಿ, 2020ರಲ್ಲಿ ಕೊರೊನಾ ಬಂದಾಗ ರೆಪೊ ದರ, ಅಂದರೆ ರಿಸರ್ವ್ ಬ್ಯಾಂಕ್ ಬೇರೆ ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿ ದರ, ಶೇ 4ಕ್ಕೆ ಇಳಿಯಿತು. ಎರಡು ವರ್ಷ ಅಲ್ಲೇ ಇತ್ತು. ಹೋಮ್ ಲೋನ್ ಇದ್ದವರ ಮುಖದಲ್ಲಿ ಸ್ವಲ್ಪ ನಗು ಕಂಡಿತ್ತು. ಕಾರ್ಡಿನ ಬಡ್ಡಿ ಮಾತ್ರ ಮೂರೂವರೆ ರೂಪಾಯಿಯ ಆಸುಪಾಸಿನಲ್ಲಿ ಕಲ್ಲಿನಂತೆ ಕೂತಿತ್ತು. ಆಮೇಲೆ ರೆಪೊ 6.5ಕ್ಕೆ ಏರಿತು. 2023ರ ನವೆಂಬರ್‌ನಲ್ಲಿ ಕಾರ್ಡ್ ಸಾಲಕ್ಕೆ ಬ್ಯಾಂಕುಗಳು ಜಾಸ್ತಿ ಬಂಡವಾಳ ತೆಗೆದಿಡಬೇಕು ಅಂತ ರಿಸರ್ವ್ ಬ್ಯಾಂಕ್ ಹೇಳಿತು. ಮರುವರ್ಷದ ಕೊನೆಯ ಹೊತ್ತಿಗೆ ಹಲವು ದೊಡ್ಡ ಬ್ಯಾಂಕುಗಳ ಕಾರ್ಡಿನಲ್ಲಿ ಮೂರೂವರೆ ಇದ್ದದ್ದು ಮೂರು ಮುಕ್ಕಾಲಾಯಿತು. ಸರಿ, ಖರ್ಚು ಜಾಸ್ತಿಯಾಯ್ತು, ಏರಿಸಿದರು ಅಂದುಕೊಳ್ಳೋಣ. 2025ರ ಫೆಬ್ರವರಿಯಿಂದ ಡಿಸೆಂಬರ್ ಒಳಗೆ ರೆಪೊ 6.5ರಿಂದ 5.25ಕ್ಕೆ ಬಂತು. ಒಂದೂಕಾಲು ಪರ್ಸೆಂಟ್ ಇಳಿಕೆ. ನಮ್ಮ ಎಫ್‌ಡಿ ಬಡ್ಡಿ ಇಳಿಸುವಾಗ ಬ್ಯಾಂಕಿಗೆ ಒಂದು ವಾರವೂ ತಡ ಮಾಡಲು ಮನಸ್ಸಿರುವುದಿಲ್ಲ. ನಿಮ್ಮಲ್ಲಿ ಯಾರಿಗಾದರೂ "ನಿಮ್ಮ ಕಾರ್ಡಿನ ಬಡ್ಡಿ ಇಳಿಸಿದ್ದೇವೆ" ಅಂತ ಮೆಸೇಜ್ ಬಂತಾ? ನನಗಂತೂ ಬಂದಿಲ್ಲ. ನನಗೆ ಬಂದದ್ದು ಶುಲ್ಕ ಪರಿಷ್ಕರಣೆಯ ಮೇಲ್. "ನಿಮಗೆ ಇನ್ನೂ ಉತ್ತಮ ಸೇವೆ ಕೊಡುವ ಸಲುವಾಗಿ" ಅಂತ ಅದರ ಶುರು. ಓದುತ್ತಾ ಹೋದರೆ ಏರ್‌ಪೋರ್ಟ್ ಲೌಂಜ್ ಕಮ್ಮಿ, ರಿವಾರ್ಡ್ ಪಾಯಿಂಟ್ಸ್ ಕಮ್ಮಿ, ಲೇಟ್ ಫೀ ಜಾಸ್ತಿ!

ಬಡ್ಡಿ ಲೆಕ್ಕ ಹಾಕುವ ರೀತಿ ಇನ್ನೊಂದು ಕಥೆ. ನನ್ನ ಚಿಕ್ಕಮ್ಮನ ಮಗ ಜೂನ್ 5ರಂದು 40,000 ರೂಪಾಯಿಗೆ ಫ್ರಿಜ್ ತಗೊಂಡ. ಬಿಲ್ ಬಂದದ್ದು 20ಕ್ಕೆ, ಕಟ್ಟಲು ಕೊನೆಯ ದಿನ ಜುಲೈ 10. ಆ ತಿಂಗಳು ಮಗಳ ಸ್ಕೂಲ್ ಫೀ ಕಟ್ಟಿ ಕೈ ಖಾಲಿ. 35,000 ಕಟ್ಟಿದ, ಐದು ಸಾವಿರ ಮುಂದಿನ ತಿಂಗಳಿಗೆ ಉಳಿಸಿದ. ಐದು ಸಾವಿರಕ್ಕೆ ತಿಂಗಳ ಬಡ್ಡಿ ಇನ್ನೂರು ರೂಪಾಯಿ ಆಗಬಹುದು ಅಂತ ಅವನ ಲೆಕ್ಕ. ನಿಮ್ಮದೂ ಅದೇ ಲೆಕ್ಕ ಇರುತ್ತದೆ, ಅಲ್ವಾ? ಬಿಲ್‌ನಲ್ಲಿ ಬಂದದ್ದು ಜಿಎಸ್‌ಟಿ ಸೇರಿ ಹತ್ತಿರ ಹತ್ತಿರ 2,110 ರೂಪಾಯಿ. ಯಾಕೆ? ಪೂರ್ತಿ ಬಿಲ್ ಕಟ್ಟದಿದ್ದರೆ ಬಡ್ಡಿಯಿಲ್ಲದ ಅವಧಿಯೇ ರದ್ದು. ಇಡೀ 40,000ಕ್ಕೆ, ಫ್ರಿಜ್ ತಗೊಂಡ ದಿನದಿಂದ 35 ದಿನದ ಬಡ್ಡಿ. ಉಳಿದ ಐದು ಸಾವಿರಕ್ಕೆ ಜುಲೈ 20ರ ಬಿಲ್ ತನಕದ ಬಡ್ಡಿ ಅದರ ಮೇಲೆ. ಇಷ್ಟೇ ಅಲ್ಲ, ಹಳೆ ಬಾಕಿ ತೀರುವ ತನಕ ಹೊಸದಾಗಿ ಉಜ್ಜಿದ ಪ್ರತಿ ರೂಪಾಯಿಗೂ ಮೊದಲ ದಿನದಿಂದಲೇ ಬಡ್ಡಿ. ಕಸ್ಟಮರ್ ಕೇರ್‌ಗೆ ಫೋನ್ ಮಾಡಿದರೆ "ಸರ್, ಎಂಐಟಿಸಿಯಲ್ಲಿ ಕ್ಲಿಯರ್ ಆಗಿ ಇದೆ" ಅಂದರಂತೆ. ಎಂಐಟಿಸಿ ಅಂದರೆ ಕಾರ್ಡಿನ ಮುಖ್ಯ ಷರತ್ತುಗಳ ಪಟ್ಟಿ. ಇದೆ, ಹೌದು. ಹತ್ತಾರು ಪುಟದ ಇಂಗ್ಲಿಷ್ ಪಿಡಿಎಫ್‌ನಲ್ಲಿ. ಷರತ್ತುಗಳು ಸರಳ ಭಾಷೆಯಲ್ಲಿರಬೇಕು, ಆದಷ್ಟು ಸ್ಥಳೀಯ ಭಾಷೆಯಲ್ಲೂ ಇರಬೇಕು ಅಂತ ರಿಸರ್ವ್ ಬ್ಯಾಂಕಿನ ಕಾರ್ಡ್ ನಿಯಮ ಹೇಳುತ್ತದೆ. ಕಾರ್ಡ್ ಮಾರುವಾಗ ಮಾಲ್‌ನಲ್ಲಿ ಅಡ್ಡ ನಿಂತು ಚೆಂದ ಕನ್ನಡ ಮಾತಾಡುವ ಹುಡುಗರಿಗೆ ಬಡ್ಡಿಯ ವಿಷಯಕ್ಕೆ ಬಂದಾಗ ಮಾತ್ರ ಭಾಷೆ ಮರೆತುಹೋಗುತ್ತದೆ. ಪಾಪ, ಅವರಿಗೂ ಟಾರ್ಗೆಟ್ ಇರುತ್ತದೆ.

ಶುಲ್ಕಗಳ ಪಟ್ಟಿ ಹಾಕುತ್ತಾ ಕೂತರೆ ರಾತ್ರಿಯಾಗುತ್ತದೆ. ಆ್ಯಪ್ ಮೂಲಕ ಕಾರ್ಡಿನಲ್ಲಿ ಬಾಡಿಗೆ ಕಟ್ಟುತ್ತಿದ್ದವರಿಗೆ ಶೇ 1 ಹಾಕುತ್ತಿದ್ದರು. ಕೆಲವು ಕಾರ್ಡುಗಳಲ್ಲಿ ಕರೆಂಟ್, ಗ್ಯಾಸ್ ಬಿಲ್ ತಿಂಗಳಿಗೆ ಐವತ್ತು ಸಾವಿರ ದಾಟಿದರೆ ಶೇ 1. ಹಲವು ಕಾರ್ಡುಗಳಲ್ಲಿ ಐವತ್ತು ಸಾವಿರ ಮೀರಿದ ಬಾಕಿಗೆ ಲೇಟ್ ಫೀ 1,300 ರೂಪಾಯಿ, ಜಿಎಸ್‌ಟಿ ಸೇರಿ 1,534. ನೋ ಕಾಸ್ಟ್ ಇಎಂಐ, ಅಂದರೆ ಬಡ್ಡಿಯಿಲ್ಲದ ಕಂತು ಅನ್ನುತ್ತಾರಲ್ಲ, ಅದಕ್ಕೂ ಪ್ರೊಸೆಸಿಂಗ್ ಫೀ ಇದೆ. ಬಡ್ಡಿಯಷ್ಟು ಡಿಸ್ಕೌಂಟ್ ಕೊಟ್ಟರೂ ಆ ಬಡ್ಡಿಯ ಮೇಲಿನ ಜಿಎಸ್‌ಟಿ ನಮ್ಮ ತಲೆಗೇ. ಕಾಸ್ಟ್ ಇರುವ ನೋ ಕಾಸ್ಟ್.

ಬ್ಯಾಂಕಿನವರ ವಾದವನ್ನೂ ಕೇಳಿದ್ದೇನೆ. ನಮ್ಮ ಗೆಳೆಯನೊಬ್ಬ ಆ ಕಡೆಯೇ ಕೆಲಸ ಮಾಡುತ್ತಾನೆ. "ಇದು ಅಡಮಾನ ಇಲ್ಲದ ಸಾಲ ಕಣೋ, ಮುಳುಗುವವರು ಜಾಸ್ತಿ, ಬಡ್ಡಿ ಜಾಸ್ತಿ ಇರಲೇಬೇಕು. ಪೂರ್ತಿ ಕಟ್ಟುವವನಿಗೆ ಒಂದು ರೂಪಾಯಿ ಬಡ್ಡಿ ಇಲ್ಲ ತಾನೆ?" ಅನ್ನುತ್ತಾನೆ. ಮೊದಲ ಮಾತು ಒಪ್ಪುತ್ತೇನೆ. ಅಡಮಾನ ಇಲ್ಲದ್ದಕ್ಕೆ ಹೋಮ್ ಲೋನ್ ದರ ಕೇಳಲು ಯಾರೂ ಹುಚ್ಚರಲ್ಲ. ಆದರೆ ಅದೇ ಬ್ಯಾಂಕು ಅದೇ ಮನುಷ್ಯನಿಗೆ ಅಡಮಾನ ಇಲ್ಲದೆಯೇ ಪರ್ಸನಲ್ ಲೋನ್ ಕೊಡುತ್ತದೆ. ಸಂಬಳ ಸರಿಯಾಗಿ ಬರುವವರಿಗೆ ಶೇ 11, 12ಕ್ಕೂ ಸಿಗುತ್ತದೆ. ಅವನೇ ಕಾರ್ಡ್ ಉಜ್ಜಿದ ಕೂಡಲೇ 45ರ ಮನುಷ್ಯನಾಗುವುದು ಹೇಗೆ? ಅಂಗಡಿಯವರಿಂದ ಪ್ರತಿ ಸಲ ಉಜ್ಜಿದಾಗ ಬರುವ ಕಮಿಷನ್ ಬೇರೆ ಇದೆ. ಎರಡನೇ ಮಾತು ಇನ್ನೂ ಕಷ್ಟದ್ದು. ಪೂರ್ತಿ ಕಟ್ಟುವವನು ಪಾಯಿಂಟ್ಸ್ ಸೇರಿಸಿ ಗೋವಾಕ್ಕೆ ಫ್ಲೈಟ್ ಹತ್ತುತ್ತಾನೆ. ಆ ಟಿಕೆಟ್‌ನ ಒಂದು ಪಾಲನ್ನು ಮಿನಿಮಮ್ ಡ್ಯೂ, ಅಂದರೆ ಬಿಲ್ಲಿನ ಕನಿಷ್ಠ ಪಾಲು ಮಾತ್ರ, ಕಟ್ಟಿಕೊಂಡು ಏಗುತ್ತಿರುವವನು ಕಟ್ಟಿರುತ್ತಾನೆ. ಪಾಯಿಂಟ್ಸ್ ಗುಂಪುಗಳಲ್ಲಿರುವ ಗೆಳೆಯರೇ, ಬೇಜಾರಾಗಬೇಡಿ, ನಾನೂ ಆ ಫ್ಲೈಟ್ ಹತ್ತಿದವನೇ.

ಶೇ 30ರ ಮಿತಿಯೇ ಮತ್ತೆ ಬರಬೇಕು ಅಂತ ನನ್ನ ಹಟ ಇಲ್ಲ. ಮಿತಿ ಬಿಗಿಯಾದರೆ ಕಮ್ಮಿ ಆದಾಯದವರಿಗೆ ಕಾರ್ಡೇ ಸಿಗದೆ, ಅವರು ಲೋನ್ ಆ್ಯಪ್‌ಗಳ ಕೈಗೆ ಬೀಳುತ್ತಾರೆ ಅನ್ನುವ ಭಯ ಸುಳ್ಳಲ್ಲ. ನಾನು ಕೇಳುವುದು ಸಣ್ಣದು. 2019ರ ಅಕ್ಟೋಬರ್ 1ರಿಂದ ಬ್ಯಾಂಕುಗಳ ಹೊಸ ಫ್ಲೋಟಿಂಗ್ (ಬಡ್ಡಿ ಏರಿಳಿಯುವ) ಹೋಮ್ ಲೋನ್‌ಗಳನ್ನು ರೆಪೊದಂತಹ ಹೊರಗಿನ ದರಕ್ಕೆ ಕಟ್ಟಿಹಾಕಬೇಕು ಅಂತ ರಿಸರ್ವ್ ಬ್ಯಾಂಕೇ ಹೇಳಿತಲ್ಲ? ಕಾರ್ಡಿಗೂ ಅದನ್ನೇ ಮಾಡಿ. ರೆಪೊ ಮೇಲೆ ಇಷ್ಟು ಅಂತ ಬರೆಯಿರಿ. ಎಷ್ಟು ಬೇಕಾದರೂ ಬರೆಯಿರಿ, ಕನ್ನಡದಲ್ಲಿ, ಕಣ್ಣಿಗೆ ಕಾಣುವ ಅಕ್ಷರದಲ್ಲಿ. ಏರುವಾಗ ಏರಲಿ, ಇಳಿಯುವಾಗ ಇಳಿಯಲಿ. ಹಾಗೆಯೇ, ಐದು ಸಾವಿರ ಉಳಿಸಿದವನಿಗೆ ಐದು ಸಾವಿರಕ್ಕೆ ಮಾತ್ರ ಬಡ್ಡಿ ಹಾಕಿ.

ಅಲ್ಲಿಯ ತನಕ ಕೈಯಲ್ಲಿರುವ ನಿಯಮಗಳನ್ನಾದರೂ ಬಳಸಿಕೊಳ್ಳಿ. ಶುಲ್ಕ ಬದಲಿಸುವ ಮುಂಚೆ ಬ್ಯಾಂಕು ಒಂದು ತಿಂಗಳ ನೋಟಿಸ್ ಕೊಡಬೇಕು. ಕೊನೆಯ ದಿನ ಕಳೆದು ಮೂರು ದಿನದ ತನಕ ಲೇಟ್ ಫೀ ಹಾಕುವಂತಿಲ್ಲ. ಬಾಕಿ ಇಲ್ಲದ ಕಾರ್ಡನ್ನು ಮುಚ್ಚಿ ಅಂತ ಕೇಳಿದರೆ ಏಳು ಕೆಲಸದ ದಿನದೊಳಗೆ ಮುಚ್ಚಬೇಕು, ಇಲ್ಲದಿದ್ದರೆ ದಿನಕ್ಕೆ 500 ರೂಪಾಯಿ ಅವರೇ ನಿಮಗೆ ಕೊಡಬೇಕು. ದೂರು ಕೊಟ್ಟು 30 ದಿನವಾದರೂ ಬ್ಯಾಂಕು ಉತ್ತರ ಕೊಡದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ (ದೂರು ವಿಚಾರಿಸುವ ಅಧಿಕಾರಿ) ಇದ್ದಾರೆ, ಖರ್ಚಿಲ್ಲ.

ಫ್ರಿಜ್ ತಗೊಂಡ ನನ್ನ ತಮ್ಮನ ದೂರಿಗೆ ಬ್ಯಾಂಕು ಲೇಟ್ ಮಾಡದೆ ಉತ್ತರ ಕೊಟ್ಟಿದೆ. 2,110ರಲ್ಲಿ ಒಂದು ರೂಪಾಯಿಯೂ ಬಿಡುವುದಿಲ್ಲವಂತೆ. ಜೊತೆಗೆ ಕ್ರೆಡಿಟ್ ಲಿಮಿಟ್ ಜಾಸ್ತಿ ಮಾಡುವ ಆಫರ್ ಕಳಿಸಿದ್ದಾರೆ.